ತೊಂಬತ್ತು ಅಂಕಿಯ ಮಧ್ಯಾಹ್ನ

ಪಟ್ಟಂ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ದೇವರಿಗೆ ಬೇರೆ ಕೋಣೆ ಇಲ್ಲ. ಚಿಕ್ಕ ಬೆಡ್‌ರೂಮಿನ ಗೋಡೆ ಕಪಾಟಿನಲ್ಲಿ ಮೇಲಿನ ಎರಡು ಅರೆ ದೇವರದ್ದು. ಪಕ್ಕದಲ್ಲೇ ನನ್ನ ಯಜಮಾನರ ಮೇಜು. ಮನೆಯಿಂದ ಕೆಲಸ ಮಾಡುವ ಅವರಿಗೂ ದೇವರಿಗೂ ಈ ಸೆಕೆಯ ಊರಿನಲ್ಲಿ ಸಿಕ್ಕಿದ್ದು ಅದೊಂದೇ ತಂಪಾದ ಜಾಗ. ಇಬ್ಬರೂ ಜಗಳವಿಲ್ಲದೆ ಹೊಂದಿಕೊಂಡರು, ಅದೊಂದು ಪುಣ್ಯ.

ಕಂಪ್ಯೂಟರಿನಲ್ಲಿ ಎಲ್ಲಕ್ಕೂ ಕೆಳಗೆ ಕೂತು ಯಜಮಾನಿಕೆ ಮಾಡುವುದಕ್ಕೆ ಕರ್ನೆಲ್ ಅನ್ನುತ್ತಾರಂತೆ. ಅದಕ್ಕೂ ಹೊರಗಿನ ಸಾಧನಗಳಿಗೂ ನಡುವೆ ಮಾತು ನಡೆಸುವ ಡ್ರೈವರ್ ಬರೆಯುವುದು ಇವರ ಕೆಲಸ. ಮದುವೆಯಾಗಿ ಹದಿನಾರು ವರ್ಷ ನಾನು ಅದನ್ನು ಕೇಳಿರಲಿಲ್ಲ, ಇವರು ಹೇಳಿರಲಿಲ್ಲ. ಕಳೆದ ವರ್ಷ ಕೇಳಬೇಕಾಯಿತು. ಹೊಸ ಕೆಲಸದ ಸ್ಕ್ರೀನು ನನ್ನ ಜಪದ ಮಣೆಗೆ ಎದುರಾಗಿ ಬಂದು ಕೂತಿತ್ತು.

ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಮೀನು ಇಡುವ ಒಂದು ಕೋಲ್ಡ್ ಸ್ಟೋರೇಜ್. ಅಲ್ಲಿ ತಂಪು ಹುಟ್ಟಿಸುವುದು ಅಮೋನಿಯಾ. ಸೋರಿದರೆ ಕಣ್ಣೂ ಎದೆಯೂ ಸುಟ್ಟುಹೋಗುವಂಥ ಅನಿಲ. ಸೋರಿಕೆ ಹಿಡಿಯುವ ಸೆನ್ಸರಿನ ತಂತಿ ಒಂದು ಹಳೆಯ ಕಂಪ್ಯೂಟರಿನೊಳಗಿನ ಕಾರ್ಡಿಗೆ ಸೇರುತ್ತಿತ್ತು. ಆ ಕಾರ್ಡು ಹಾಳಾಯಿತು, ಅಂಥದ್ದನ್ನು ಈಗ ಯಾರೂ ತಯಾರಿಸುವುದಿಲ್ಲ. ಕಾರ್ಡಿಲ್ಲದೆ ಹಳೆಯ ಪ್ರೋಗ್ರಾಮು ನಡೆಯುವುದಿಲ್ಲ, ಪ್ರೋಗ್ರಾಮಿಲ್ಲದೆ ಅಪಾಯದ ಗಂಟೆ ಹೊಡೆಯುವುದಿಲ್ಲ. ಅದಕ್ಕೆ ಇವರು ಹೊಸ ಕಂಪ್ಯೂಟರಿನೊಳಗೆ ಹಳೆಯದರ ನೆರಳೊಂದನ್ನು ಕಟ್ಟಿ, ಇಲ್ಲದ ಕಾರ್ಡು ಇದೆಯೆಂದು ಅದನ್ನು ನಂಬಿಸಬೇಕಿತ್ತು.

"ಸುಳ್ಳು ಹೇಳೋದಾ?" ಎಂದೆ.

"ಸುಳ್ಳಲ್ಲ ಕಣೇ. ಕರ್ನೆಲ್ ಎದ್ದ ತಕ್ಷಣ ಮೇಷ್ಟ್ರ ಥರ ಹಾಜರಿ ಕೂಗುತ್ತೆ. ಈ ಜಾಗದಲ್ಲಿ ಯಾರಿದ್ದೀರಿ ಅನ್ನುತ್ತೆ. ಕಾರ್ಡಿನ ಹೆಸರಲ್ಲಿ 'ಇದ್ದೀನಿ' ಅಂತ ಉತ್ತರ ಕೊಡೋದನ್ನ ನಾನು ಬರೀತೀನಿ. ಆಮೇಲೆ ಡ್ರೈವರ್ ಬಂದು 'ಇದು ನನ್ನದು' ಅಂತ ಹಿಡ್ಕೊಳುತ್ತೆ. ಸೆನ್ಸರ್ ನಿಜ, ತಂತಿ ನಿಜ. ನಡುವಿನ ಕಾರ್ಡ್ ಮಾತ್ರ ಇಲ್ಲ."

"ಇಲ್ಲದ್ದು ಇದ್ದೀನಿ ಅಂದ್ರೆ ನಿಮಗೆ ಹೆದರಿಕೆ ಆಗಲ್ವಾ?"

"ಅನ್ನದೆ ಇದ್ರೆ ಹೆದರಿಕೆ. ಸಂಬಳ ಬರಲ್ಲ."

ಮನೆಯಲ್ಲಿ ಸೆನ್ಸರೂ ಇರಲಿಲ್ಲ, ಅಮೋನಿಯಾವಂತೂ ಇಲ್ಲ. ಹಾಗಾಗಿ ಪರೀಕ್ಷೆಗೆಂದು ಇನ್ನೊಂದು ನಟನೆ ಸೇರಿಸಿದರು. ಐಲ್ಯಾಂಡಿನಲ್ಲಿ ಸೋರಿಕೆಯಿಲ್ಲದ ಯಾವುದೋ ಒಂದು ಮಧ್ಯಾಹ್ನ, ಗಾಳಿಯಲ್ಲಿ ಅಮೋನಿಯಾ ಎಷ್ಟೆಂದು ಸೆನ್ಸರು ಕೊಟ್ಟಿದ್ದ ತೊಂಬತ್ತು ಅಂಕಿಗಳನ್ನು ತಂದು, ಅವೇ ಸುತ್ತಿ ಸುತ್ತಿ ಬರುವಂತೆ ಇಟ್ಟರು.

ದೇವರ ಮುಂದೆ ಕೂತು ಸ್ಕ್ರೀನು ನೋಡಿದ್ದು ತಪ್ಪೇ. ಆದರೆ ಕಣ್ಣು ಕೇಳಬೇಕಲ್ಲ. ನಾನು ಒಂದು ಸಲ ನಾರಾಯಣನ ಹೆಸರು ಹೇಳಿ ಮಣಿ ಸರಿಸುವಷ್ಟರಲ್ಲಿ ಅಲ್ಲಿ ಒಂದು ಅಂಕಿ ಬದಲಾಗುತ್ತಿತ್ತು. ನಾಲ್ಕು, ನಾಲ್ಕು, ಐದು, ನಾಲ್ಕು. ನಡುವೆ ಒಮ್ಮೆ ಇದ್ದಕ್ಕಿದ್ದಂತೆ ಒಂಬತ್ತು, ಅದರ ಹಿಂದೆಯೇ ಮೂರು, ಮೂರು. ಯಾರೋ ಬಿಕ್ಕಳಿಸಿ ಉಸಿರು ಎಳೆದುಕೊಂಡ ಹಾಗೆ. ನನ್ನ ಮಾಲೆಗೆ ನೂರೆಂಟು ಮಣಿ, ಅದರ ಸುತ್ತಿಗೆ ತೊಂಬತ್ತು ಅಂಕಿ. ನಾನು ಐದು ಮಾಲೆ ಮುಗಿಸುವಷ್ಟರಲ್ಲಿ ಅದು ಆರು ಸಲ ಬಿಕ್ಕುತ್ತಿತ್ತು. ತಿಂಗಳುಗಟ್ಟಲೆ ಹೀಗೇ ನಡೆಯಿತು. ಕಣ್ಣು ಮುಚ್ಚಿದ್ದರೂ ಈಗ ಬಿಕ್ಕುತ್ತದೆ ಎಂದು ನನಗೆ ಗೊತ್ತಾಗುತ್ತಿತ್ತು, ಕಣ್ಣು ಬಿಟ್ಟರೆ ಒಂಬತ್ತು. ಮೈಯಿಲ್ಲದ ಒಂದು ಜೀವ ಪಕ್ಕದಲ್ಲಿ ಕೂತು ನನ್ನ ಜೊತೆ ಜಪ ಮಾಡುತ್ತಿದೆ ಅನ್ನಿಸಿ ಬೆನ್ನು ತಣ್ಣಗಾಗುತ್ತಿತ್ತು.

ಮಗಳಿಗೆ ಹೇಳಿದರೆ ನಕ್ಕಳು. "ಅದು ಡಮ್ಮಿ ಆಣ್ ಅಮ್ಮಾ" ಎಂದಳು, ಅದು ಬರೀ ನಕಲಿ ಅಂತ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಮಲಯಾಳದಲ್ಲಿ ಉತ್ತರಿಸುವುದು ನಮ್ಮ ಮನೆಯ ಪದ್ಧತಿ.

ಕೆಲಸ ಮುಗಿಯಿತು. ಹೊಸ ಕಂಪ್ಯೂಟರನ್ನು ಐಲ್ಯಾಂಡಿನಲ್ಲಿ ಜೋಡಿಸಲು ಇವರು ಹೊರಟಾಗ, ಮಗಳಿಗೆ ರಜೆಯೆಂದು ಅವಳನ್ನು ಪಕ್ಕದ ಮನೆಯ ಚೇಚಿಯ ಹತ್ತಿರ ಬಿಟ್ಟು ನಾನೂ ಹೊರಟೆ. ಅಲ್ಲೇ ಹತ್ತಿರದ ಎರ್ನಾಕುಲಂ ದೇವಸ್ಥಾನದ ಒಂದು ಹರಕೆ ಬಾಕಿ ಇತ್ತು. ನಮ್ಮೂರಿನ ತಂಪಾನೂರು ಸ್ಟೇಷನ್ನಿನಿಂದ ಬೆಳಗಿನ ರೈಲು, ಕಿಟಕಿ ಪಕ್ಕದ ಸೀಟು ಸಿಕ್ಕಿತು. ಶನಿವಾರ ಇವರು ಎಲ್ಲ ಜೋಡಿಸಿದರು. ಅಂಕಿಗಳು ಬಂದವು. ಗಂಟೆ ಹೊಡೆಯುತ್ತದೆಯೇ ಎಂದು ನೋಡುವ ಪರೀಕ್ಷೆಯ ಗ್ಯಾಸ್ ಸಿಲಿಂಡರ್ ಸೋಮವಾರ ಬರುವುದಿತ್ತು, ಅಲ್ಲಿಯವರೆಗೆ ಓಡುತ್ತಿರಲಿ ಎಂದು ಬಿಟ್ಟರು.

ಭಾನುವಾರ ಕಾಗದಪತ್ರಕ್ಕೆಂದು ಮತ್ತೆ ಹೋದಾಗ ಊಟದ ಡಬ್ಬಿ ಹಿಡಿದು ನಾನೂ ಜೊತೆಗೆ ಹೋದೆ. ಗೇಟಿನ ಪಾಸು ಮಾಡಿಸಿಕೊಟ್ಟವರು ಅಲ್ಲಿನ ಆಪರೇಟರ್. ಕಾಸರಗೋಡಿನವರು, ಐವತ್ತರ ಹತ್ತಿರದ ವಯಸ್ಸು. ಕನ್ನಡ ಕೇಳಿದ್ದೇ ಅವರ ಮುಖ ಅರಳಿತು. ನಾನು ಕೊಟ್ಟ ಚಿತ್ರಾನ್ನ ತಿನ್ನುತ್ತಾ, "ಟನ್ನುಗಟ್ಟಲೆ ಮೀನು ಕಾಯುವುದು ಅಕ್ಕ, ಬಾಯಿಗೆ ಒಂದು ತುಂಡು ಇಲ್ಲ. ಇದು ಎಂತ ಉದ್ಯೋಗ ಮಾರಾಯ್ರೆ!" ಎಂದರು.

"ನಮ್ಮ ಮನೇಲಿ ಕೇಳ್ಬೇಡಿ. ಇವಳು ಮೀನಿನ ಚಿತ್ರ ನೋಡಿದ್ರೂ ಸ್ನಾನ ಮಾಡ್ತಾಳೆ" ಎಂದು ಇವರು ನನ್ನನ್ನು ಚುಚ್ಚಿದರು.

ಊಟವಾಗಿ ಒಂದು ಗಂಟೆಯ ಮೇಲೆ ಆಪರೇಟರ್ ಎದ್ದರು. ಒಳಗೆ ಒಂದು ವಾಲ್ವು ಬಿಗಿ ಮಾಡಿ ಬಂದು ಸಹಿ ಹಾಕುತ್ತೇನೆ ಎಂದರು. ಹೋಗುವ ಮುಂಚೆ ಸ್ಕ್ರೀನಿನ ಹತ್ತಿರ ಬಗ್ಗಿ ಅಂಕಿ ನೋಡಿದರು. ನಾಲ್ಕು ಇತ್ತು. ಮುಖಕ್ಕೆ ಹಾಕುವ ಮಾಸ್ಕು ಗೋಡೆಯ ಮೊಳೆಯಲ್ಲೇ ಉಳಿಯಿತು. ದಪ್ಪ ಕಬ್ಬಿಣದ ಬಾಗಿಲು ಮುಚ್ಚಿಕೊಂಡಿತು.

ಕಂಟ್ರೋಲ್ ರೂಮಿಗೆ ಕಿಟಕಿ ಇರಲಿಲ್ಲ. ಕಂಪ್ರೆಸರಿನ ಗುಂಯ್‌ಗುಡುವಿಕೆ ನೆಲದಿಂದ ಕಾಲಿಗೆ ಹತ್ತುತ್ತಿತ್ತು. ಇವರು ಫಾರಂ ತುಂಬುತ್ತಿದ್ದರು, ನಾನು ಮಾಲೆ ಹಿಡಿದೆ.

ಹನ್ನೆರಡನೆಯ ಮಣಿಗೆ ಸ್ಕ್ರೀನಿನಲ್ಲಿ ಒಂಬತ್ತು ಬಂತು. ಮೂರು. ಮೂರು.

ಬೆರಳು ಮಣಿ ಸರಿಸುತ್ತಲೇ ಇತ್ತು. ಇಲ್ಲಿಯ ಗಾಳಿ, ಇಲ್ಲಿಯ ಸೆನ್ಸರು. ಇಲ್ಲಿಯ ಅಂಕಿಯೇ ತಾನೇ ಮನೆಗೆ ಬಂದಿದ್ದು, ಹಾಗೇ ಇರಬಹುದು ಎಂದುಕೊಂಡೆ. ಮಾಲೆ ಹಿಡಿದ ಮೇಲೆ ಕೊನೆಯ ಮೇರುಮಣಿ ಮುಟ್ಟುವವರೆಗೆ ಮಾತಾಡುವುದಿಲ್ಲ, ನಮ್ಮಮ್ಮನಿಂದ ಬಂದ ನಿಯಮ. ಇದುವರೆಗೆ ಮುರಿದವಳಲ್ಲ. ಅದೂ ಅಲ್ಲದೆ, ಹೇಳಿದರೆ ಇವರು ನಗುತ್ತಾರೆ ಎಂಬುದೂ ಇತ್ತು. ಆ ಅಳುಕು ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಇನ್ನೊಂದು ಸುತ್ತು ನೋಡೋಣ ಎಂದು ಎಣಿಸಿದೆ. ಎಣಿಸಿದ್ದು ಮಣಿ, ದೇವರ ಹೆಸರಲ್ಲ. ಕಬ್ಬಿಣದ ಬಾಗಿಲು ಮುಚ್ಚಿಯೇ ಇತ್ತು. ನಾಲ್ಕೂವರೆ ನಿಮಿಷ ಎಂದರೆ ಎಷ್ಟು ಉದ್ದ ಎಂದು ಆವತ್ತು ಗೊತ್ತಾಯಿತು.

ನೂರ ಎರಡನೆಯ ಮಣಿ. ಒಂಬತ್ತು. ಮೂರು. ಮೂರು.

ಮೇರುವಿಗೆ ಇನ್ನೂ ಆರು ಮಣಿ ಇದ್ದವು. "ರೀ, ಇದು ಮನೇದು" ಎಂದೆ.

"ಏನು ಮನೇದು?"

"ಆ ಅಂಕಿ. ನಮ್ಮನೇಲಿ ಬರ್ತಿತ್ತಲ್ಲ, ಅದೇ ಇದು."

"ಸುಮ್ನಿರೇ. ಇದು ಸೆನ್ಸರಿಂದ ಬರ್ತಿರೋದು."

"ಹಾಗಾದ್ರೆ ಈಗ ಐದು ಬರತ್ತೆ. ಆಮೇಲೆ ನಾಲ್ಕು, ಮತ್ತೆ ನಾಲ್ಕು, ಆರು."

ಐದು ಬಂತು. ನಾಲ್ಕು ಬಂತು. ಮತ್ತೆ ನಾಲ್ಕು. ಆರು ಬರುವ ಮುಂಚೆಯೇ ಇವರು ಎದ್ದಿದ್ದರು. ಕಂಪ್ಯೂಟರಿನ ಹಿಂದೆ ಕೈ ಹಾಕಿ ಸೆನ್ಸರಿನ ತಂತಿಯನ್ನು ಕಿತ್ತರು. ತಂತಿ ಅವರ ಕೈಯಲ್ಲಿ ನೇತಾಡುತ್ತಿತ್ತು. ಸ್ಕ್ರೀನಿನಲ್ಲಿ ಆರು ಬಂತು. ಆಮೇಲೆ ಐದು. ಆಮೇಲೆ ನಾಲ್ಕು.

ನಾನು ಎಷ್ಟೋ ಸಾವು ನೋಡಿದ್ದೇನೆ, ಅಷ್ಟು ಹೆದರಿರಲಿಲ್ಲ. ಯಾರೂ ಇಲ್ಲದ ಕಡೆಯಿಂದ ಯಾರೋ ಶಾಂತವಾಗಿ, ಏನೂ ಆಗಿಲ್ಲ, ಏನೂ ಆಗಿಲ್ಲ ಎಂದು ಹೇಳುತ್ತಲೇ ಇದ್ದರು.

ಇವರು ತಂತಿ ಬಿಸಾಡಿ ಕಬ್ಬಿಣದ ಬಾಗಿಲಿಗೆ ಓಡಿ ಎರಡೂ ಕೈಯಲ್ಲಿ ಬಡಿದರು. ನಾನು ಮಾಸ್ಕು ಹಿಡಿದು ಹಿಂದೆ ಓಡಿದೆ. ಇವರು ಹಿಡಿ ತಿರುಗಿಸಿ ಎಳೆದಾಗ ಬಂದ ವಾಸನೆಗೆ ನನ್ನ ಗಂಟಲು ಕಟ್ಟಿತು. ಒಳಗೆ ತುಂಬಿದ್ದ ಬಿಳಿ ಮಂಜಿನಿಂದ ಆಪರೇಟರ್ ಗೋಡೆ ಹಿಡಿದುಕೊಂಡು ಬಂದರು. ಕಣ್ಣು ಬಿಡಲಾಗುತ್ತಿರಲಿಲ್ಲ, ಆದರೆ ಕಾಲು ನೆಲದ ಮೇಲಿತ್ತು, ಉಸಿರು ಇತ್ತು. ನಾರಾಯಣ.

ಹೊರಗಿನ ನಲ್ಲಿಯಲ್ಲಿ ಅವರ ಕಣ್ಣಿಗೆ ನೀರು ಹೊಯ್ಯುತ್ತಾ ಇದ್ದೆ. ಸೆಕ್ಯೂರಿಟಿಯವರು ಆಂಬುಲೆನ್ಸಿಗೆ ಫೋನು ಮಾಡಿದರು, ಇನ್ನೊಬ್ಬ ಕೆಲಸಗಾರ ಹೊರಗಿನ ಮುಖ್ಯ ವಾಲ್ವು ಮುಚ್ಚಿದ. ಅಷ್ಟರಲ್ಲಿ ಇವರು ಮೂಗಿಗೆ ಕರ್ಚೀಫು ಕಟ್ಟಿ ಕಂಟ್ರೋಲ್ ರೂಮಿಗೆ ಹೋಗಿ ಆ ನಟನೆಯನ್ನು ಕಿತ್ತು ಹಾಕಿದರಂತೆ. ಸ್ಕ್ರೀನು ಸ್ವಲ್ಪ ಹೊತ್ತು ಖಾಲಿಯಾಯಿತಂತೆ. ತಂತಿ ಮತ್ತೆ ಚುಚ್ಚಿದಾಗ ನಿಜದ ಅಂಕಿ ಬಂತು, ಎಷ್ಟೆಂದು ಇವರು ಇವತ್ತಿಗೂ ನನಗೆ ಹೇಳಿಲ್ಲ. ಗಂಟೆ ಮಾತ್ರ ಹೊರಗೆ ನಮಗೂ ಕೇಳಿಸಿತು.

ಆಗಿದ್ದು ಇಷ್ಟೇ. ಮನೆಯಲ್ಲಿ ಅನುಕೂಲಕ್ಕೆಂದು ನಟನೆಯ ಡ್ರೈವರನ್ನು ಕರ್ನೆಲ್ಲಿನ ಒಳಗೇ ಸೇರಿಸಿದ್ದರು, ನಿಜದ್ದು ಆಮೇಲೆ ಹೊರಗಿನಿಂದ ಬರುವಂಥದ್ದು. ತೆಗೆಯಲು ಮರೆತಿದ್ದರು. ಎರಡೂ ಒಂದೇ ಕಾರ್ಡು ನನ್ನದು ಅನ್ನುವಂಥವು, ಮೊದಲು ಬಂದದ್ದಕ್ಕೆ ಜಾಗ. ನಿಜದ್ದು ಬಂದು ನೋಡಿ, ಜಾಗವಿಲ್ಲ ಎಂದು ಒಂದು ಸಾಲು ಬರೆದಿಟ್ಟು ಸದ್ದಿಲ್ಲದೆ ಹಿಂದೆ ಹೋಗಿತ್ತು. ಆ ಸಾಲನ್ನು ಯಾರೂ ಓದಿರಲಿಲ್ಲ. ಆಂಬುಲೆನ್ಸ್ ಬರುವ ಮುಂಚೆ ಇವರು ನಲ್ಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಇದೆಲ್ಲವನ್ನೂ ಆಪರೇಟರಿಗೆ ಬಿಡಿಸಿ ಹೇಳಿದರು, ತಪ್ಪು ನನ್ನದು ಎಂದರು. ಮುಚ್ಚಿಡಲಿಲ್ಲ, ಅದನ್ನೂ ನಾನು ಪುಣ್ಯದ ಲೆಕ್ಕಕ್ಕೇ ಹಾಕಿಕೊಂಡಿದ್ದೇನೆ.

ಆಪರೇಟರ್ ಕೆಂಪು ಕಣ್ಣು ಕಿರಿದು ಮಾಡಿ ಇವರನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ, ಬೈಯಬೇಕಿತ್ತು. ಅವರು ನನ್ನ ಕಡೆ ತಿರುಗಿದರು.

"ಊಟ ಆದಾಗಿಂದ ನನಗೆ ವಾಸನೆ ಬರ್ತಾ ಉಂಟಕ್ಕ" ಎಂದರು. "ಸ್ಕ್ರೀನಲ್ಲಿ ನಾಲ್ಕು ಉಂಟು, ನನ್ನ ಮೂಗೇ ಹಾಳಾಗಿದೆ ಅಂತ ಗ್ರಹಿಸಿದೆ. ಇಪ್ಪತ್ತೆರಡು ವರ್ಷದ ಮೂಗು."