ಈರುಳ್ಳಿ ರಾಶಿಯ ಮುಂದೆ ಓದಿದ ಕಥೆ

ಭೀಮನಬೀಡಿನ ನಮ್ಮ ಮನೆಯ ಜಗುಲಿಗೆ ಸಣ್ಣ ಈರುಳ್ಳಿ ಬಂದು ಬಿತ್ತೆಂದರೆ ಬೀದಿಯ ಹೆಂಗಸರೆಲ್ಲ ಕುಡುಗೋಲು, ಚಾಕು ಹಿಡಿದು ಬಂದು ಕೂರುತ್ತಿದ್ದರು. ಕೈ ಗರಿ ಕೊಯ್ಯುತ್ತಿತ್ತು, ಬಾಯಿ ಊರವರ ಮಾನ ಕೊಯ್ಯುತ್ತಿತ್ತು. ಆಗಷ್ಟೇ ನಾನು ಪಂಚಾಯಿತಿ ಲೈಬ್ರರಿಯ ಕೆಲಸಕ್ಕೆ ಸೇರಿದ್ದೆ. ಸಂಜೆ ದೊಡ್ಡವರಿಗೆ ಅಕ್ಷರ ಕಲಿಸುವುದೂ ನನ್ನ ಪಾಲಿಗೇ ಬಂದಿತ್ತು. ಕ್ಲಾಸಿಗೆ ಬನ್ನಿ ಎಂದರೆ ಒಂದು ನರಪಿಳ್ಳೆಯೂ ಬರುತ್ತಿರಲಿಲ್ಲ.

"ಊರು ಓಗು ಅಂತದೆ, ಕಾಡು ಬಾ ಅಂತದೆ. ಈಗ ಓದ್ಬುಟ್ಟು ಡೀಸಿ ಆಗ್ಬೇಕಾ ನಾನು?" ಎಂದು ನನ್ನ ಅತ್ತೆಯೇ ಎಲ್ಲರೆದುರು ನಗಾಡಿದರು.

ನನಗೂ ರೋಷ ಬಂತು. ಮರುದಿನ ಲೈಬ್ರರಿಯಿಂದ ಒಂದು ಹಳೇ ಕಾದಂಬರಿ ತಂದು, ರಾಶಿಯ ಪಕ್ಕದಲ್ಲೇ ಕೂತು ಗಟ್ಟಿಯಾಗಿ ಓದತೊಡಗಿದೆ. ಗಂಡನ ಮನೆ ಬಿಟ್ಟು ತವರಿಗೆ ಬಂದ ಹುಡುಗಿಯ ಕಥೆ. ಮಾತು ತಾನಾಗಿ ನಿಂತಿತು. ಯಾರಾದರೂ ಕಣ್ಣೊರೆಸಿಕೊಂಡರೆ "ಈರುಳ್ಳಿ ಘಾಟು ಕಣಮ್ಮಿ" ಎನ್ನುತ್ತಿದ್ದರು. ಆ ಘಾಟು ದುಃಖದ ಪುಟಗಳಲ್ಲೇ ಏರುತ್ತಿದ್ದುದು ವಿಶೇಷ. ಕೊನೆಯ ಅಧ್ಯಾಯ ಬಂದಾಗ ನಾನು ಪುಸ್ತಕ ಮುಚ್ಚಿಬಿಟ್ಟೆ. ಇದನ್ನು ನಾನು ಓದುವುದಿಲ್ಲ, ನಿಮ್ಮಲ್ಲಿ ಯಾರು ಮೊದಲು ಕಲಿಯುತ್ತೀರೋ ಅವರೇ ಓದಬೇಕು ಎಂದೆ. ಬಾಯಿಗೆ ಬಂದಂತೆ ಬೈದುಕೊಂಡೇ ಕ್ಲಾಸಿಗೆ ಬಂದರು. ಎಲ್ಲರಿಗಿಂತ ಮುಂದೆ ಕೂತವರು ಅತ್ತೆ.

ಮುಂದಿನ ಈರುಳ್ಳಿ ಬರುವ ಹೊತ್ತಿಗೆ ಅತ್ತೆ ಬೆರಳಿಟ್ಟುಕೊಂಡು ಓದುವಷ್ಟಾಗಿದ್ದರು. ಆದರೆ ಅಷ್ಟರಲ್ಲಿ ಪಕ್ಕದ ಮನೆಯ ಮಗಳು ನಿಜವಾಗಿಯೂ ಗಂಡನ ಮನೆ ಬಿಟ್ಟು ಬಂದಿದ್ದಳು. ಯಾರೊಂದಿಗೂ ಮಾತಿಲ್ಲ. ನೀರಿಗೆಂದು ಬಾವಿಗೆ ಹೋದವಳು ಬರುವುದು ತಡವಾದರೆ ಅವಳ ಅವ್ವ ಎದೆ ಹಿಡಿದುಕೊಂಡು ಓಡುತ್ತಿದ್ದಳು. ಅತ್ತೆ ಕೊನೆಯ ಅಧ್ಯಾಯ ಓದಲು ಕೂತ ದಿನ ಆ ಹುಡುಗಿಯೂ ಬಂದು ಅವರ ಮಗ್ಗುಲಲ್ಲೇ ಈರುಳ್ಳಿ ಹಿಡಿದು ಕೂತಿದ್ದಳು.

ಕಥೆಯ ಹುಡುಗಿ ಕೊನೆಗೆ ಬಾವಿಗೆ ಹಾರುತ್ತಾಳೆಂದು ನನಗೆ ಗೊತ್ತಿತ್ತು. ತಡೆಯೋಣವೆಂದರೆ ಅತ್ತೆ ಆಗಲೇ ಶುರು ಮಾಡಿಬಿಟ್ಟಿದ್ದರು.

"ಅವಳು... ಬಾವಿ... ಕಟ್ಟೆ... ಹತ್ತಿದಳು."

ಬೆರಳು ನಿಂತಿತು. ಅತ್ತೆ ಗಂಟಲು ಸರಿ ಮಾಡಿಕೊಂಡರು.

"ನೀರು... ಸೇದಿ... ಮುಖ ತೊಳೆದಳು. ಮನೆಗೆ ಬಂದು... ಹೊಲಿಗೆ ಮಿಷನ್ ಮುಂದೆ... ಕೂತಳು."

ಆ ಪುಸ್ತಕದಲ್ಲಿ ಹುಡುಕಿದರೂ ಹೊಲಿಗೆ ಮಿಷನ್ ಸಿಗುವುದಿಲ್ಲ. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಅತ್ತೆ ಕಣ್ಣು ಕೆಂಪಗೆ ಮಾಡಿ, "ಸರ್ಯಾಗೇ ಓದ್ದೆ ಕಣ, ನೀ ಸುಮ್ಕಿರು" ಎಂದು ಗದರಿದರು.

ಈಗ ಈರುಳ್ಳಿ ಹೊಲದಿಂದಲೇ ಕೇರಳದ ಲಾರಿ ಹತ್ತುತ್ತದೆ. ಜಗುಲಿಗೆ ಟೈಲ್ಸ್ ಬಂದಿದೆ, ಅತ್ತೆ ಇಲ್ಲ.

ಮೊನ್ನೆ ರವಿಕೆ ಹೊಲಿಯಲು ಕೊಡಲು ಗುಂಡ್ಲುಪೇಟೆಗೆ ಹೋಗಿದ್ದೆ. ಆ ಪಕ್ಕದ ಮನೆಯ ಹುಡುಗಿಯದೇ ಅಂಗಡಿ; ಈಗ ಕೈಕೆಳಗೆ ಇಬ್ಬರು ಕೆಲಸದವರು. ಹಳೆಯದೆಲ್ಲ ಮಾತಾಡುತ್ತ, "ನಮ್ಮತ್ತೆ ಅವತ್ತು ಓದಿದ್ದು ಆ ಪುಸ್ತಕದಲ್ಲಿ ಇರಲೇ ಇಲ್ಲ, ಗೊತ್ತಾ?" ಎಂದು ನಕ್ಕೆ.

ಅವಳು ಮಿಷನ್ ತುಳಿಯುವುದನ್ನು ನಿಲ್ಲಿಸಿದಳು.

"ಗೊತ್ತಿತ್ತು ಕಣಕ್ಕ. ನಾನು ಇಸ್ಕೂಲಿಗೆ ಓಗಿದ್ದೋಳಲ್ವಾ? ಪಕ್ಕದಲ್ಲೇ ಕೂತಿದ್ದೆ, ಪುಟ ಕಾಣ್ತಿತ್ತು. ದೊಡ್ಡವ್ವನ ಬೆರಳು ಒಂದ್ ಕಡೆ ಓಯ್ತಿತ್ತು, ಬಾಯಿ ಒಂದ್ ಕಡೆ. ನಾನು ಬದುಕ್ಲಿ ಅನ್ನೋರು ಒಬ್ರು ಅವ್ರೆ ಅಂತ ಅವತ್ತು ಗೊತ್ತಾಯ್ತು. ಆಮೇಲೆ ಬಾವಿ ಕಡೆ ತಲೆ ಆಕ್ನಿಲ್ಲ."

ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ನೆವ ಹೇಳೋಣವೆಂದರೆ ಆ ಅಂಗಡಿಯಲ್ಲಿ ಒಂದು ಈರುಳ್ಳಿಯೂ ಇರಲಿಲ್ಲ.