ಎರಡು ಮಿಲ್ಲುಗಳ ನಡುವಿನ ಗೇಟು

ಕೊಟ್ಟೂರಿನಲ್ಲಿ ಮೋಟರ್ ಕೆಟ್ಟರೆ ಮಕ್ತುಂ ಸಾಬರನ್ನೇ ಕರೆಯಬೇಕು, ಬಂದ ಮೇಲೆ ಅವರಿಂದ ಬೈಸಿಕೊಳ್ಳಲೂಬೇಕು. ೧೯೯೮ರ ಮಳೆಗಾಲದಲ್ಲಿ ಅವರು ಬೈದದ್ದು ಸಾಲದೆಂದೇ ನನ್ನ ಅಭಿಪ್ರಾಯ.

ಬಂಗಾರಪ್ಪ, ನಾಗಪ್ಪ ಎಂಬ ಅಣ್ಣತಮ್ಮಂದಿರು ಶೇಂಗಾ ಎಣ್ಣೆ ಮಿಲ್ಲನ್ನು ಪಾಲು ಮಾಡಿಕೊಂಡು ನಡುವೆ ಗೋಡೆ ಎಬ್ಬಿಸಿದ್ದರು. ಅಣ್ಣನಿಗೆ ಜನರೇಟರ್, ತಮ್ಮನಿಗೆ ಕರೆಂಟಿನ ಲೈನು. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಎರಡೂ ಕಡೆಯ ಅರ್ಥಿಂಗ್ ಗುಂಡಿಗಳನ್ನು ಕೂಡಿಸಿ ಸಾಬರು ಹಿಂದೆ ಹಾಕಿದ್ದ ತಾಮ್ರದ ಪಟ್ಟಿಯನ್ನೂ ಗರಗಸ ಹಚ್ಚಿ ಕೊಯ್ದಿದ್ದರು. ನೆಲದೊಳಗಿನ ಪಟ್ಟಿಯನ್ನೂ ಪಾಲು ಮಾಡಿದ ಮಹಾನುಭಾವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಗೋಡೆಯಲ್ಲೊಂದು ಕಬ್ಬಿಣದ ಗೇಟು ಮಾತ್ರ ಉಳಿಯಿತು. ಒಂದು ಬಾಗಿಲು ಅಣ್ಣನ ಶೆಡ್ಡಿನ ಕಬ್ಬಿಣದ ಕಂಬಕ್ಕೆ, ಇನ್ನೊಂದು ತಮ್ಮನ ಕಂಬಕ್ಕೆ. ಅದನ್ನು ದಾಟುತ್ತಿದ್ದವರು ತಾಯಿ ಅನ್ನದಾನಮ್ಮ ಒಬ್ಬರೇ.

ಒಂದು ದಿನ ಗೇಟು ಮುಟ್ಟಿದ ಅವರ ಕೈ ಜುಮ್ಮೆಂದಿತು. ಸಾಬರನ್ನು ಕರೆಸಿದರು. ಸಾಬರು ಬಲ್ಬಿನ ಎರಡು ವೈರುಗಳನ್ನು ಎರಡು ಬಾಗಿಲಿಗೆ ಮುಟ್ಟಿಸಿದರು. ಬಲ್ಬು ಮಂಕಾಗಿ ಹತ್ತಿತು.

"ಎಲ್ಲೋ ಕರೆಂಟ್ ಸೋರಾಕತ್ತೈತಿ. ಒಂದ್ ಕೈ ಇಲ್ಲಿ, ಇನ್ನೊಂದ್ ಕೈ ಅಲ್ಲಿ ಇಟ್ರ ಎದಿ ಒಳಗ ಹಾದು ಹೋಗ್ತೈತ್ರಿ. ಎರಡೂ ಮಿಲ್ ಬಂದ್ ಮಾಡ್ರಿ, ಪಟ್ಟಿ ಕೂಡಸ್ತೀನಿ."

"ಮೊದ್ಲು ಅವ ಬಂದ್ ಮಾಡ್ಲಿ," ಎಂದ ನಾಗಪ್ಪ. ಗೋಡೆಯಾಚೆಯಿಂದ ಬಂಗಾರಪ್ಪನೂ ಅದನ್ನೇ ಹೇಳಿದ.

"ನಿಮ್ಮವ್ವ ಸಾಯ್ತಾಳಲೇ!" ಎಂದು ಸಾಬರು ಕಿರುಚಿದರು. ಎರಡೂ ಮಿಲ್ಲುಗಳು ಓಡುತ್ತಲೇ ಇದ್ದವು.

ಅನ್ನದಾನಮ್ಮ ಹಸಿ ನೆಲದ ಮೇಲೆ ಬರಿಗಾಲಲ್ಲಿ ಗೇಟಿನ ನಡುವೆ ಬಂದು ನಿಂತರು. ಎರಡೂ ಕೈ ಚಾಚಿದರು. ಬಾಗಿಲುಗಳಿಗೂ ಬೆರಳುಗಳಿಗೂ ಗೇಣು ಅಂತರ.

"ಹಿಡೀತೀನಿ ನೋಡ್ರಿ."

ಸಾಬರು ಒಂದು ಹೆಜ್ಜೆ ಮುಂದಿಟ್ಟು ನಿಂತುಬಿಟ್ಟರು. ಹತ್ತಿರ ಹೋಗಲು ಹೆದರಿಕೆ, ಹೋದರೆ ಹಿಡಿದೇಬಿಟ್ಟಾರು. ಬೆರಳುಗಳು ಇನ್ನಷ್ಟು ಮುಂದೆ ಸರಿದವು. ಮಕ್ಕಳಿಬ್ಬರೂ ಸ್ವಿಚ್ಚಿನ ಕಡೆ ಓಡಿದರು. ಎರಡು ಮಿಲ್ಲುಗಳೂ ಒಟ್ಟಿಗೆ ನಿಂತವು.

ಸೋರುತ್ತಿದ್ದದ್ದು ನಾಗಪ್ಪನ ಮೋಟರು. ಸಾಬರು ಅದನ್ನು ಬಿಚ್ಚಿ ಸರಿಮಾಡಿ, ಪಟ್ಟಿಯನ್ನು ಬೋಲ್ಟು ಬಿಗಿದು ಕೂಡಿಸಿ, ಅವನ ಶೆಡ್ಡಿನೊಳಗೆ ಮಳೆ ಬೀಳದೆ ಒಣಗಿದ್ದ ಗುಂಡಿಗೆ ಉಪ್ಪುನೀರು ಹುಯ್ದರು. ಮಿಲ್ಲುಗಳು ಮತ್ತೆ ಶುರುವಾದವು. ಈಗ ಬಲ್ಬು ಹತ್ತಲಿಲ್ಲ.

"ಇನ್ನ ಹೆದರಿಕಿ ಇಲ್ಲವ್ವಾ, ಹಿಡೀರಿ."

ಅನ್ನದಾನಮ್ಮ ಹಿಡಿಯಲಿಲ್ಲ. "ಬಂಗಾರಿ, ನಿನ್ನ ಬಾಗ್ಲ ನೀ ಹಿಡಿ. ನಾಗಾ, ನಿಂದು ನೀ ಹಿಡಿ. ಉಳಿದ ಕೈಲೆ ಒಬ್ರದೊಬ್ರು ಹಿಡ್ಕಳ್ರಿ."

ಇಬ್ಬರೂ ಬೆರಳ ತುದಿಯಿಂದ ಮುಟ್ಟಿ ನೋಡಿ, ತಂತಮ್ಮ ಬಾಗಿಲು ಹಿಡಿದರು. ಕಣ್ಣುಮುಚ್ಚಿ ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಏನೂ ಆಗಲಿಲ್ಲ.

"ಬಿಡ್ಲೇನಬೇ?" ಎಂದು ನಾಗಪ್ಪ ತಾಯಿಯನ್ನು ಕೇಳಿದ.

"ಸಾಬ್ ಹೇಳ್ಲಿ, ಆಮ್ಯಾಲ ಬಿಡ್ರಿ."

ಮಕ್ತುಂ ಸಾಬರು ಗೋಡೆಗೊರಗಿ ಕೂತು, ನಿಧಾನವಾಗಿ ಬೀಡಿ ಹಚ್ಚಿದರು.