ದೀಪಸ್ತಂಭದ ಪಕ್ಕದ ಬಾವಿ

ಮೈಸೂರು ಸ್ಟೇಷನ್ನು. ರೈಲು ಬರುವ ಮೊದಲೇ ಇಂದು ಬೆಳಗ್ಗೆ ನಡೆದದ್ದನ್ನು ಬರೆದಿಡುತ್ತೇನೆ.

ಕರಾವಳಿಯಲ್ಲಿ ದೀಪಸ್ತಂಭ ಕಾಯುವ ಶಿವಣ್ಣ, ನಾನು ತೆಗೆದ ಕಪ್ಪುಬಿಳುಪಿನ ಪಟವನ್ನು ಇಲ್ಲಿನ ಅಗ್ರಹಾರದಲ್ಲಿರುವ ತನ್ನ ಅಕ್ಕನಿಗೆ ತಲುಪಿಸಲು ಹೇಳಿದ್ದ. ಆ ಪಟದ ಬಗ್ಗೆ ನನಗೆ ಹೆಮ್ಮೆಯಿತ್ತು. ದೋಣಿಗಳು ಮರೆಯಾಗುವವರೆಗೆ ಕಾದು, ಪಕ್ಕದ ಮನೆಗಳು ಪಟದೊಳಗೆ ಬಾರದಂತೆ ಬಂಡೆಯಿಂದ ಬಂಡೆಗೆ ಜಾಗ ಬದಲಿಸಿ ತೆಗೆದದ್ದು. ಆಕಾಶ, ಕಡಲು, ಬಿಳಿಯ ಗೋಪುರ, ಅದರ ಬುಡದಲ್ಲಿ ಕಡ್ಡಿಯಷ್ಟು ಶಿವಣ್ಣ.

ಅಕ್ಕ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇಷ್ಟೊಂದು ನೀರಿನ ಮುಂದೆ ಒಬ್ನೇ ನಿಂತವ್ನಲ್ರೀ. ಕಾಗ್ದದಲ್ಲಿ ಅಕ್ಕಪಕ್ಕ ಜನ ಅವ್ರೆ ಅಂತ ಬರೀತಾನೆ. ನನ್ನ ಸಮಾಧಾನಕ್ಕೆ ಬರೀತಿದ್ನಾ?"

"ಇಲ್ಲಮ್ಮ, ನಿಜವೇ," ಎಂದೆ. ಮಗ್ಗುಲಲ್ಲೇ ಬಾವಿಯಿದೆ, ಜೊತೆ ಕೆಲಸದವರ ಮನೆಗಳಿವೆ, ಬಟ್ಟೆ ಒಣಹಾಕುವ ಹಗ್ಗವಿದೆ. ಅಷ್ಟು ಕಷ್ಟಪಟ್ಟು ಪಟದಿಂದ ಹೊರಗಿಟ್ಟದ್ದನ್ನೆಲ್ಲ ಒಂದೊಂದಾಗಿ ಹೇಳುತ್ತಾ ಹೋದೆ.

ಅವರು ಪಟವನ್ನು ನೆಲದ ಮೇಲಿಟ್ಟರು. ನಾನು ಕುಡಿದಿಟ್ಟಿದ್ದ ಕಾಫಿ ಲೋಟವನ್ನು ತೆಗೆದು ಪಟದ ಅಂಚಿನಾಚೆ ಇಟ್ಟರು.

"ಬಾವಿ ಇಲ್ಲಿರ್ಲಿ. ಆ ಮನೆಗಳು ಯಾವ ಕಡೆ ಬರ್ತವೆ, ತೋರಿಸ್ಬುಡಿ."